ಜಿ ಕುಟುಂಬದ 105 ವರ್ಷ: ಒಂದು ಮನೆತನದ ಕ್ಯಾನ್ಸರ್ ಜೀನ್ ಸಿಕ್ಕ ಬಗೆ

1895ನೇ ಇಸವಿ. ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪೆಥಾಲಜಿ ವಿಭಾಗದ ಡಾಕ್ಟರ್ ಆಲ್ಡ್ರೆಡ್ ಸ್ಕಾಟ್ ವಾರ್ಥಿನ್ ಅವರ ಮನೆಗೆ ಬಟ್ಟೆ ಹೊಲಿದುಕೊಡುತ್ತಿದ್ದ ಒಬ್ಬ ಹೆಣ್ಣುಮಗಳಿದ್ದರು. ಅವರು ತುಂಬಾ ಮಂಕಾಗಿರುವುದನ್ನು ನೋಡಿ ವಾರ್ಥಿನ್ ಕಾರಣ ಕೇಳಿದರು. ನಾನು ಜಾಸ್ತಿ ದಿನ ಬದುಕುವವಳಲ್ಲ, ನಮ್ಮ ಮನೆಯವರು ಹೋಗುವುದೇ ಹೊಟ್ಟೆ, ಕರುಳು ಇಲ್ಲವೇ ಗರ್ಭಕೋಶದ ಕ್ಯಾನ್ಸರಿನಿಂದ, ನನಗೂ ಅದೇ ಬರುತ್ತದೆ ಎಂದು ಆಕೆ ಹೇಳಿದರು.

ವಂಶವಾಹಿ ರೋಗಗಳ ಬಗ್ಗೆ ಸಲಹೆ ಕೊಡುವ ಇವತ್ತಿನ ಯಾವ ಜೆನೆಟಿಕ್ ಕೌನ್ಸೆಲರ್ ಈ ಮಾತು ಕೇಳಿದರೂ ಪೆನ್ನು ಕೈಗೆತ್ತಿಕೊಳ್ಳುತ್ತಾರೆ. ಯಾವ ಯಾವ ಅಂಗಕ್ಕೆ ಬರುತ್ತದೆ, ಯಾವ ವಯಸ್ಸಿಗೆ ಬರುತ್ತದೆ, ಮನೆಯಲ್ಲಿ ಎಷ್ಟು ಜನರಿಗೆ ಬಂದಿದೆ, ಈ ಮೂರೂ ಸಂಗತಿ ಅದರಲ್ಲಿ ಇವೆ. ಡಿಎನ್‌ಎ ಏನು ಕೆಲಸ ಮಾಡುತ್ತದೆ ಎಂದು ಯಾರಿಗೂ ಗೊತ್ತಿರದ ಕಾಲದಲ್ಲಿ, ಓದು ಬರಹವೇ ಕಸುಬಲ್ಲದ ಒಬ್ಬ ಹೆಂಗಸು ತನ್ನ ಮನೆತನದ ರೋಗವನ್ನು ಸರಿಯಾಗಿ ಗುರುತಿಸಿದ್ದರು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಇವತ್ತು ಲಿಂಚ್ ಸಿಂಡ್ರೋಮ್ ಎಂದು ಕರೆಯುವ ಈ ರೋಗಕ್ಕೆ ಆಕೆಯ ಮನೆತನದಲ್ಲಿ ಕಾರಣವಾದ ಡಿಎನ್‌ಎಯ ಅಕ್ಷರವನ್ನು ವಿಜ್ಞಾನ ತೋರಿಸಿಕೊಟ್ಟದ್ದು 2000ದಲ್ಲಿ.

ವಾರ್ಥಿನ್ ಸುಮ್ನೆ ಸಮಾಧಾನ ಹೇಳಿ ಕಳಿಸಲಿಲ್ಲ. ಮನೆತನದ ವಿವರ ಕಲೆಹಾಕಲು ಕೂತರು. ಅದಕ್ಕೆ ಆಕೆಯೇ ನೆರವಾದರು. ಅಜ್ಜ ಜರ್ಮನಿಯಿಂದ ವಲಸೆ ಬಂದವರು. ಅವರ ಮಕ್ಕಳು, ಮೊಮ್ಮಕ್ಕಳಲ್ಲಿ ಯಾರು ಯಾವುದರಿಂದ ತೀರಿಕೊಂಡರು ಎಂದು ಒಂದೊಂದೇ ಹೆಸರು ಸೇರಿಸುತ್ತಾ ಹೋದರು. 1913ರಲ್ಲಿ ವಾರ್ಥಿನ್ ಇದನ್ನು ಪ್ರಕಟಿಸಿದರು. ಕುಟುಂಬಕ್ಕೆ ಕೊಟ್ಟ ಗುರುತು ‘ಜಿ’ ಎಂಬ ಒಂದೇ ಅಕ್ಷರ. ಅಜ್ಜನ 48 ಜನ ವಂಶಸ್ಥರಲ್ಲಿ 17 ಜನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು, ಇಲ್ಲವೇ ಅದಕ್ಕಾಗಿ ಆಪರೇಷನ್ ಮಾಡಿಸಿಕೊಂಡಿದ್ದರು. ಅದರಲ್ಲಿ 10 ಗರ್ಭಕೋಶದ್ದು, 7 ಜಠರದ್ದು. ಹೊಲಿಗೆಯ ಆ ಹೆಣ್ಣುಮಗಳೂ ತಾನು ಹೇಳಿದ ಹಾಗೇ ಚಿಕ್ಕ ವಯಸ್ಸಿಗೇ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡರು.

ವಾರ್ಥಿನ್ 1925ರಲ್ಲಿ ಇನ್ನೊಂದು ವರದಿ ಬರೆದರು. ಅವರು ತೀರಿಕೊಂಡ ಮೇಲೆ 1936ರಲ್ಲಿ ಅವರ ವಿಭಾಗದ ಕಾರ್ಲ್ ವೆಲ್ಲರ್ ಮತ್ತೊಬ್ಬರ ಜೊತೆ ಸೇರಿ ಲೆಕ್ಕ ಮುಂದುವರಿಸಿದರು. ಆಮೇಲೆ ಕಡತ ಬಹುಕಾಲ ಹಾಗೇ ಉಳಿಯಿತು. ಆಗಿನ ಹವಾ ಈ ಕೆಲಸಕ್ಕೆ ಅನುಕೂಲವಾಗಿರಲಿಲ್ಲ. ಕ್ಯಾನ್ಸರ್ ಹೊರಗಿನ ಕಾರಣಗಳಿಂದ ಬರುತ್ತದೆ ಎಂಬ ವಾದಕ್ಕೆ ಬಲ ಜಾಸ್ತಿ. ಇನ್ನೊಂದು ಕಡೆ, ವಂಶದ ರೋಗ ಎಂದ ಕೂಡಲೇ ‘ಇಂಥವರು ಮಕ್ಕಳನ್ನೇ ಹೆರಬಾರದು’ ಎನ್ನುವ ಸುಜನನವಾದಿಗಳು ಮುಂದೆ ಬರುತ್ತಿದ್ದ ಕಾಲ ಅದು. ವಾರ್ಥಿನ್ ಕೂಡ ಆ ವಾದದ ಪರವಾಗಿದ್ದರು. ಅದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಒಬ್ಬ ಹೆಣ್ಣುಮಗಳ ನೋವನ್ನು ಕಿವಿಗೊಟ್ಟು ಕೇಳಿದವರೂ ಅವರೇ, ಅಂಥ ಮನೆತನಗಳ ಬಗ್ಗೆ ಕಟುವಾದ ವಿಚಾರ ಇಟ್ಟುಕೊಂಡಿದ್ದವರೂ ಅವರೇ. ವಂಶವಾಹಿ ಕ್ಯಾನ್ಸರಿನ ಸಂಶೋಧನೆಗೆ ಈ ಇತಿಹಾಸ ಇವತ್ತಿಗೂ ಅಂಟಿಕೊಂಡಿದೆ. ಮನೆಯ ರೋಗದ ಬಗ್ಗೆ ಹೊರಗೆ ಬಾಯಿಬಿಡಲು ಜನ ಹೆದರುವುದರಲ್ಲಿ ಅರ್ಥವಿದೆ.

ಕಥೆ ಮತ್ತೆ ಶುರುವಾದದ್ದು 1962ರಲ್ಲಿ, ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ. ಹೆನ್ರಿ ಲಿಂಚ್ ಆಗ ಮೆಡಿಸಿನ್ ತರಬೇತಿಯಲ್ಲಿದ್ದ ಡಾಕ್ಟರ್. ಅದಕ್ಕೂ ಮುಂಚೆ ಜೆನೆಟಿಕ್ಸ್ ಓದಿಕೊಂಡಿದ್ದರು. ಹುಡುಗನಾಗಿದ್ದಾಗ ವಯಸ್ಸು ಮರೆಮಾಚಿ ನೌಕಾಪಡೆ ಸೇರಿ, ಆಮೇಲೆ ಬಾಕ್ಸಿಂಗ್ ಕೂಡ ಮಾಡಿದ್ದ ಮನುಷ್ಯ. ಆಸ್ಪತ್ರೆಯಲ್ಲಿ ಒಬ್ಬ ರೋಗಿ ಕುಡಿತ ಬಿಟ್ಟಾಗ ಬರುವ ನಡುಕ, ಭ್ರಮೆಯಿಂದ ಚೇತರಿಸಿಕೊಳ್ಳುತ್ತಿದ್ದ. ಯಾಕಪ್ಪಾ ಇಷ್ಟು ಕುಡಿಯುತ್ತೀಯ ಅಂದರೆ, ನಮ್ಮ ಮನೆಯವರೆಲ್ಲ ಸಾಯುವುದು ಕರುಳಿನ ಕ್ಯಾನ್ಸರಿನಿಂದ, ನಾನೂ ಹಾಗೇ ಸಾಯುತ್ತೇನೆ ಅನ್ನುವ ಉತ್ತರ ಬಂತು. 67 ವರ್ಷದ ಹಿಂದೆ ಆನ್ ಆರ್ಬರಿನಲ್ಲಿ ಕೇಳಿದ್ದ ಮಾತೇ ಬೇರೆ ಮನೆಯಿಂದ ಬಂದಿತ್ತು.

ಲಿಂಚ್ ಮತ್ತು ಸಮಾಜ ಕಾರ್ಯಕರ್ತೆ ಆ್ಯನ್ ಕ್ರಷ್ ಆ ರೋಗಿಯ ಬಂಧುಬಳಗವನ್ನು ಹುಡುಕಿಕೊಂಡು ಹೋದರು. 1964ರಲ್ಲಿ ಜೆನೆಟಿಕ್ಸ್ ತಜ್ಞರ ಸಭೆಯೊಂದರಲ್ಲಿ ಲಿಂಚ್ ಇದನ್ನು ಹೇಳಿದಾಗ, ಮಿಷಿಗನ್ನಿನ ಮಾರ್ಜೊರಿ ಶಾ ಅವರು ತನ್ನ ಬಳಿಯೂ ಇಂಥದ್ದೇ ಒಂದು ಕುಟುಂಬವಿದೆ ಎಂದರು. 1966ರಲ್ಲಿ ಇಬ್ಬರೂ ಸೇರಿ ಎರಡೂ ಕುಟುಂಬಗಳ ಬಗ್ಗೆ ಬರೆದರು. ಅದಾದ ಮೇಲೆ ಮಿಷಿಗನ್ ವಿಶ್ವವಿದ್ಯಾಲಯದ ಪೆಥಾಲಜಿ ವಿಭಾಗ ವಾರ್ಥಿನ್ ಕಾಪಿಟ್ಟಿದ್ದ ಜಿ ಕುಟುಂಬದ ದಾಖಲೆಗಳನ್ನು ಲಿಂಚ್ ಕೈಗೆ ಕೊಟ್ಟಿತು. 1971ರ ವರದಿಯ ಹೊತ್ತಿಗೆ ಆ ವಂಶವೃಕ್ಷದಲ್ಲಿ 650ಕ್ಕೂ ಹೆಚ್ಚು ರಕ್ತಸಂಬಂಧಿಗಳಿದ್ದರು.

ವಂಶವೃಕ್ಷ ಬರೆಯುವುದು ಎಂದರೆ ಏನು ಎಂದು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ತೀರಿಕೊಂಡಿದ್ದರೆ ಅದರ ಮೇಲೆ ಒಂದು ಓರೆಗೆರೆ. ರೋಗ ಬಂದಿದ್ದರೆ ಒಳಗೆ ಕಪ್ಪು. ಪಕ್ಕದಲ್ಲಿ ಅಂಗದ ಹೆಸರು, ರೋಗ ಗೊತ್ತಾದಾಗಿನ ವಯಸ್ಸು. ನೋಡಲು ಸುಲಭ. ಆದರೆ ಒಂದು ವೃತ್ತಕ್ಕೆ ಕಪ್ಪು ಬಳಿಯುವ ಮುಂಚೆ ಎಷ್ಟೋ ಕೆಲಸವಿದೆ. ‘ಚಿಕ್ಕಮ್ಮ ಹೊಟ್ಟೆಯಲ್ಲಿ ಗಡ್ಡೆಯಾಗಿ ಹೋದಳು’ ಎಂದು ಮನೆಯವರು ಹೇಳುತ್ತಾರೆ. ಹೊಟ್ಟೆ ಅಂದರೆ ಜಠರವೋ, ದೊಡ್ಡ ಕರುಳೋ, ಅಂಡಾಶಯವೋ? ಗಡ್ಡೆ ಅಂದರೆ ಕ್ಯಾನ್ಸರೋ, ಅಲ್ಲವೋ? ಮರಣ ಪ್ರಮಾಣಪತ್ರ ತರಿಸಬೇಕು. ಆಸ್ಪತ್ರೆಯ ಚೀಟಿ ಹುಡುಕಬೇಕು. ಸಾಧ್ಯವಾದರೆ ಹಳೆಯ ಸ್ಲೈಡನ್ನು ಮತ್ತೆ ಮೈಕ್ರೋಸ್ಕೋಪಿನ ಕೆಳಗೆ ಇಡಬೇಕು. ಕರುಳಿನಿಂದ ಯಕೃತ್ತಿಗೆ ಹರಡಿದ್ದನ್ನು ಮನೆಯವರು ಲಿವರ್ ಕ್ಯಾನ್ಸರ್ ಎಂದೇ ನೆನಪಿಟ್ಟುಕೊಂಡಿರುತ್ತಾರೆ. ಇಂಥ ಒಂದು ತಪ್ಪು ಉಳಿದರೂ ಲೆಕ್ಕ ಕೆಡುತ್ತದೆ. ಲಿಂಚ್ ಮತ್ತು ಕ್ರಷ್ ಕುಟುಂಬಗಳ ಸಮಾರಂಭಗಳಿಗೇ ಹೋಗಿ ಕೂತು ಜನರೊಂದಿಗೆ ಮಾತಾಡಿ ಇದನ್ನೆಲ್ಲ ಮಾಡಿದರು. ಸರ್ಕಾರದ ಸಂಶೋಧನಾ ಹಣಕ್ಕೆ ಹಾಕಿದ ಅರ್ಜಿಗಳು ವರ್ಷಗಟ್ಟಲೆ ತಿರಸ್ಕಾರವಾದವು. ಆದರೂ ಕುಟುಂಬಗಳ ಪಟ್ಟಿ ಬೆಳೆಯುತ್ತಲೇ ಹೋಯಿತು.

ಹೀಗೆ ಜೋಡಿಸಿದಾಗ ಮಾದರಿ ಕಣ್ಣಿಗೆ ಬಿತ್ತು. ರೋಗ ಪ್ರತಿ ತಲೆಮಾರಿನಲ್ಲೂ ಇದೆ. ತಂದೆಯಿಂದ ಮಗನಿಗೂ ಬರುತ್ತದೆ, ತಾಯಿಯಿಂದ ಮಗಳಿಗೂ ಬರುತ್ತದೆ. ರೋಗ ಇರುವವರ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ಆ ಅಪಾಯ ದಾಟುತ್ತದೆ. ಸಾಮಾನ್ಯವಾಗಿ ಕರುಳಿನ ಕ್ಯಾನ್ಸರ್ ಮುಪ್ಪಿನಲ್ಲಿ ಬಂದರೆ, ಇಲ್ಲಿ ಅದು 40ರ ಆಸುಪಾಸಿಗೇ ಬರುತ್ತದೆ. ದೊಡ್ಡ ಕರುಳಿನ ಬಲಭಾಗದಲ್ಲಿ ಜಾಸ್ತಿ. ಒಬ್ಬರಿಗೇ ಎರಡು ಮೂರು ಬೇರೆ ಬೇರೆ ಕ್ಯಾನ್ಸರ್ ಬರುವುದೂ ಉಂಟು. ಕರುಳಿನ ತುಂಬಾ ನೂರಾರು ಪಾಲಿಪ್ (ಒಳಗೋಡೆಯ ಚಿಕ್ಕ ಗಂಟು) ಏಳುವ ಇನ್ನೊಂದು ವಂಶವಾಹಿ ರೋಗ ಆಗಲೇ ಗೊತ್ತಿತ್ತು. ಈ ಮನೆಗಳಲ್ಲಿ ಆ ಥರ ಪಾಲಿಪ್‌ಗಳ ಗುಂಪು ಇರಲಿಲ್ಲ. ಹಾಗಾಗಿ ಇದು ಬೇರೆಯದೇ ರೋಗ.

ಒಂದೇ ಮನೆ, ಒಂದೇ ಅಡುಗೆ, ಒಂದೇ ನೀರು, ಅದರಿಂದ ಬಂದಿರಬಹುದಲ್ವಾ? ಈ ಪ್ರಶ್ನೆ ನ್ಯಾಯವಾದದ್ದು. ಉತ್ತರ ವಂಶವೃಕ್ಷದಲ್ಲೇ ಇದೆ. ಅದೇ ಅಡುಗೆ ಉಂಡ ಸೊಸೆಯಂದಿರಲ್ಲಿ, ಅಳಿಯಂದಿರಲ್ಲಿ ಈ ಮಾದರಿ ಇಲ್ಲ. ದೂರದ ಊರಿಗೆ ಹೋಗಿ ನೆಲೆಸಿದ ರಕ್ತಸಂಬಂಧಿಗಳಲ್ಲಿ ಇದೆ.

ಆದರೆ ಪರಿಸರಕ್ಕೆ ಪಾತ್ರವೇ ಇಲ್ಲ ಎಂದಲ್ಲ. ಜಿ ಕುಟುಂಬದ ಮೊದಲ ತಲೆಮಾರುಗಳಲ್ಲಿ ಜಠರದ ಕ್ಯಾನ್ಸರ್ ಜಾಸ್ತಿ ಇತ್ತು. ಮುಂದಿನ ತಲೆಮಾರುಗಳಲ್ಲಿ ಅದು ಇಳಿದು, ದೊಡ್ಡ ಕರುಳಿನದು ಏರಿತು. ಇಡೀ ಅಮೆರಿಕದಲ್ಲಿ ಆ ಕಾಲದಲ್ಲಿ ಆದದ್ದೂ ಇದೇ. ಜೀನ್ ಅದೇ, ಬದಲಾದದ್ದು ಬದುಕುವ ರೀತಿ. ಒಂದೇ ಮನೆತನವನ್ನು ನೂರು ವರ್ಷದುದ್ದಕ್ಕೂ ನೋಡದಿದ್ದರೆ ಈ ಸಂಗತಿ ಸಿಕ್ಕುತ್ತಲೇ ಇರಲಿಲ್ಲ.

1984ರಲ್ಲಿ ಈ ರೋಗಕ್ಕೆ ಲಿಂಚ್ ಸಿಂಡ್ರೋಮ್ ಎಂಬ ಹೆಸರು ಬಂತು. 1990ರ ಸುಮಾರಿಗೆ ಆಮ್ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಯಾವ ಕುಟುಂಬವನ್ನು ಸಂಶೋಧನೆಗೆ ತೆಗೆದುಕೊಳ್ಳಬೇಕು ಎಂಬುದಕ್ಕೆ ಒಂದು ಅಳತೆ ಹಾಕಿದರು. ಮೂರು ಜನ ಹತ್ತಿರದ ಸಂಬಂಧಿಗಳಿಗೆ ಕರುಳಿನ ಕ್ಯಾನ್ಸರ್, ಎರಡು ತಲೆಮಾರು, ಒಬ್ಬರಾದರೂ 50ಕ್ಕಿಂತ ಚಿಕ್ಕವರು. ಜೀನ್ ಬೇಟೆಗೆ ಇದು ಬಹಳ ಮುಖ್ಯವಾಗಿತ್ತು. ಬೇರೆ ಬೇರೆ ರೋಗದ ಮನೆಗಳು ಕಲಸಿಹೋದರೆ ಜೀನ್ ಯಾವ ಕ್ರೋಮೋಸೋಮಿನಲ್ಲಿದೆ (ಜೀನುಗಳನ್ನು ಹೊತ್ತ ಡಿಎನ್‌ಎ ಎಳೆ) ಎಂದು ಗುರುತಿಸಲು ಆಗುವುದಿಲ್ಲ.

1993ರಲ್ಲಿ ಆ ಬೇಟೆ ಮುಗಿಯಿತು. ಫಿನ್ಲೆಂಡಿನ ಆಲ್ಬರ್ಟ್ ಡಿ ಲಾ ಶಪೆಲ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಬರ್ಟ್ ವೋಗೆಲ್‌ಸ್ಟೈನ್ ತಂಡಗಳು ನ್ಯೂಜಿಲೆಂಡಿನ ಒಂದು, ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಒಂದು ದೊಡ್ಡ ಕುಟುಂಬವನ್ನು ಹಿಡಿದು ಹುಡುಕಿದವು. ವಿಧಾನ ಇದು. ಕ್ರೋಮೋಸೋಮ್‌ಗಳ ಉದ್ದಕ್ಕೂ ಕೆಲವು ಗುರುತುಗಳಿವೆ. ರೋಗ ಬಂದವರಲ್ಲಿ ಮಾತ್ರ ಒಂದೇ ಥರ ಇರುವ ಗುರುತು ಯಾವುದು ಎಂದು ನೋಡುವುದು. 2ನೇ ಕ್ರೋಮೋಸೋಮಿನ ಚಿಕ್ಕ ತೋಳಿನ ಒಂದು ಗುರುತು ಹೊಂದಿತು.

ಆಮೇಲೆ ಒಂದು ವಿಚಿತ್ರ ಕಂಡಿತು. ಗಡ್ಡೆಯಲ್ಲಿ ಆ ಜಾಗದ ಒಂದು ಪ್ರತಿ ಕಳೆದುಹೋಗಿರುತ್ತದೆ ಎಂದು ಅವರು ಎಣಿಸಿದ್ದರು. ರೆಟಿನೊಬ್ಲಾಸ್ಟೋಮಾ ಎಂಬ ಮಕ್ಕಳ ಕಣ್ಣಿನ ಗಡ್ಡೆಯ ಬಗ್ಗೆ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಹೇಳಿದ್ದ ಎರಡು ಪೆಟ್ಟಿನ ವಾದ ಎಲ್ಲರ ತಲೆಯಲ್ಲಿತ್ತು. ಹುಟ್ಟುತ್ತಲೇ ಒಂದು ಪ್ರತಿ ಕೆಟ್ಟಿರುತ್ತದೆ, ಬದುಕಿನಲ್ಲಿ ಮುಂದೆಂದೋ ಇನ್ನೊಂದೂ ಕೆಡುತ್ತದೆ, ಆಗ ಗಡ್ಡೆ. ಹಾಗಾಗಿ ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಎರಡು ಪಟ್ಟಿಯ ಬದಲು ಒಂದು ಕಾಣಬೇಕಿತ್ತು. ಕಂಡದ್ದು ಕಡಿಮೆಯಲ್ಲ, ಜಾಸ್ತಿ. ರೋಗಿಯ ರಕ್ತದಲ್ಲಿ ಇಲ್ಲದ ಹೊಸ ಪಟ್ಟಿಗಳು ಗಡ್ಡೆಯಲ್ಲಿ ಎದ್ದಿದ್ದವು. ಡಿಎನ್‌ಎ ಎಂದರೆ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳ ಸಾಲು. ಅದರಲ್ಲಿ ಸಿಎ, ಸಿಎ, ಸಿಎ ಎಂದು ಮತ್ತೆ ಮತ್ತೆ ಬರುವ ಡಿಎನ್‌ಎ ಜಾಗಗಳಲ್ಲಿ ಉದ್ದ ಹೆಚ್ಚುಕಡಿಮೆಯಾಗಿತ್ತು. ಅಂದರೆ ಗಡ್ಡೆಯ ಕೋಶಗಳು ತಮ್ಮ ಡಿಎನ್‌ಎಯನ್ನು ನೆಟ್ಟಗೆ ನಕಲು ಮಾಡುತ್ತಿರಲಿಲ್ಲ. ಬೇರೆ ಎರಡು ಪ್ರಯೋಗಾಲಯಗಳೂ ಅದೇ ವರ್ಷ ಇದನ್ನೇ ಕಂಡವು.

ಇದರ ಅರ್ಥ ಬಿಡಿಸಿದ್ದು ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಬಲ್ಲವರು. ಕೋಶ ಡಿಎನ್‌ಎ ನಕಲು ಮಾಡುವಾಗ ತಪ್ಪಾಗುತ್ತದೆ. ಅಚ್ಚಿಗೆ ಹೋಗುವ ಮುಂಚೆ ಕರಡು ತಿದ್ದುವವರ ಹಾಗೆ, ಆ ತಪ್ಪುಗಳನ್ನು ಹಿಡಿದು ಸರಿಮಾಡಲು ಕೆಲವು ಪ್ರೋಟೀನುಗಳಿವೆ. ಬ್ಯಾಕ್ಟೀರಿಯಾದಲ್ಲಿ ಈ ಕೆಲಸದ ವಿವರ ಬಿಡಿಸಿದ ಪಾಲ್ ಮಾಡ್ರಿಚ್ ಅವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಯೀಸ್ಟಿನಲ್ಲಿ ಈ ಪ್ರೋಟೀನು ಕೆಡಿಸಿದರೆ ಮತ್ತೆ ಮತ್ತೆ ಬರುವ ಅಕ್ಷರಗಳ ಉದ್ದ ಅದೇ ಥರ ಅಲುಗಾಡುತ್ತದೆ ಎಂದು ಥಾಮಸ್ ಪೀಟ್ಸ್ ತಂಡ ತೋರಿಸಿತ್ತು. ಅಂದಮೇಲೆ ಮನುಷ್ಯರಲ್ಲಿ ಕೆಟ್ಟಿರುವುದೂ ಇಂಥದ್ದೇ ಜೀನ್ ಇರಬೇಕು. 1993ರ ಡಿಸೆಂಬರಿನಲ್ಲಿ ರಿಚರ್ಡ್ ಫಿಶೆಲ್ ಮತ್ತು ರಿಚರ್ಡ್ ಕೊಲೊಡ್ನರ್ ಒಂದು ಕಡೆಯಿಂದ, ವೋಗೆಲ್‌ಸ್ಟೈನ್ ಮತ್ತು ಡಿ ಲಾ ಶಪೆಲ್ ತಂಡ ಇನ್ನೊಂದು ಕಡೆಯಿಂದ ಎಂಎಸ್‌ಎಚ್2 ಜೀನನ್ನು ತೋರಿಸಿದರು. 1994ರಲ್ಲಿ 3ನೇ ಕ್ರೋಮೋಸೋಮಿನಲ್ಲಿ ಎಂಎಲ್‌ಎಚ್1 ಸಿಕ್ಕಿತು. ಎಂಎಸ್‌ಎಚ್6, ಪಿಎಂಎಸ್2 ಕೂಡ ಈ ಸಾಲಿಗೆ ಸೇರಿದವು.

ಎಲ್ಲಕ್ಕೂ ಮೊದಲು ಗಮನಕ್ಕೆ ಬಂದಿದ್ದ ಜಿ ಕುಟುಂಬದಲ್ಲಿ ಮಾತ್ರ ಆ ಬದಲಾವಣೆ ಹೊರಬೀಳಲು 2000 ಆಗಬೇಕಾಯಿತು. ತೊಡಕು ಇಲ್ಲಿದೆ. ನಮ್ಮಲ್ಲಿ ಪ್ರತಿ ಜೀನಿಗೂ ಎರಡು ಪ್ರತಿ, ತಾಯಿಯದೊಂದು, ತಂದೆಯದೊಂದು. ಈ ರೋಗದಲ್ಲಿ ಕೆಟ್ಟಿರುವುದು ಒಂದು. ಎರಡನ್ನೂ ಒಟ್ಟಿಗೆ ಓದಿದಾಗ ಚೆನ್ನಾಗಿರುವ ಪ್ರತಿ ಕೆಟ್ಟದ್ದನ್ನು ಮರೆಮಾಡಬಹುದು. ಜೀನಿನ ಒಂದು ತುಂಡೇ ಇಲ್ಲವಾಗಿದ್ದರೂ ಇನ್ನೊಂದು ಪ್ರತಿಯಿಂದ ಆ ತುಂಡು ಓದಿಗೆ ಸಿಕ್ಕಿಬಿಡುತ್ತದೆ. ಇದಕ್ಕೆ ವೋಗೆಲ್‌ಸ್ಟೈನ್ ಪ್ರಯೋಗಾಲಯದವರು ರೋಗಿಯ ರಕ್ತಕೋಶಗಳನ್ನು ಇಲಿಯ ಕೋಶಗಳ ಜೊತೆ ಬೆಸೆದರು. ಹೀಗೆ ಹುಟ್ಟಿದ ಕೆಲವು ಕೋಶಗಳಲ್ಲಿ ಮನುಷ್ಯನ 2ನೇ ಕ್ರೋಮೋಸೋಮಿನ ಒಂದೇ ಪ್ರತಿ ಉಳಿದಿರುತ್ತದೆ. ಈಗ ಮರೆಮಾಡಲು ಇನ್ನೊಂದಿಲ್ಲ. ಜಿ ಕುಟುಂಬದ ಬದಲಾವಣೆ ಕೊನೆಗೂ ಕಂಡಿತು. ಎಂಎಸ್‌ಎಚ್2 ಜೀನಿನಲ್ಲಿ, 4ನೇ ಎಕ್ಸಾನ್ (ಪ್ರೋಟೀನಿಗೆ ಸೂಚನೆ ಕೊಡುವ ತುಂಡು) ಶುರುವಾಗುವ ಗುರುತಿನ ಜಾಗದಲ್ಲಿ, ಟಿ ಇರಬೇಕಾದಲ್ಲಿ ಜಿ. ಪ್ರೋಟೀನಿಗೆ ಸೂಚನೆ ಕೊಡುವ ಭಾಗದಲ್ಲೂ ಅಲ್ಲ, ಎಲ್ಲಿಂದ ಓದಬೇಕು ಎಂದು ಹೇಳುವ ಅಂಚಿನಲ್ಲಿ. ಅಜ್ಜನಿಂದ ಹಿಡಿದು ಆ ಹೊಲಿಗೆಯ ಹೆಣ್ಣುಮಗಳವರೆಗೆ, ಅಲ್ಲಿಂದ ಮುಂದಿನ ತಲೆಮಾರುಗಳವರೆಗೆ ಮನೆತನವನ್ನು ಕಾಡಿದ್ದು ಈ ಒಂದೇ ಅಕ್ಷರ.

2005ರ ವರದಿಯಲ್ಲಿ ಈ ಕುಟುಂಬದ 929 ವಂಶಸ್ಥರ ಲೆಕ್ಕವಿದೆ. ಅಕ್ಷರ ಗೊತ್ತಾದ ಮೇಲೆ ಆದ ದೊಡ್ಡ ಬದಲಾವಣೆ ನನ್ನ ಪ್ರಕಾರ ರೋಗ ಇಲ್ಲದವರ ಪಾಲಿನದು. ಅದಕ್ಕೂ ಮುಂಚೆ ಮನೆಯ ಪ್ರತಿ ಮಗುವೂ ಹೆದರಿಕೆಯಲ್ಲೇ ಬೆಳೆಯುತ್ತಿತ್ತು. ಈಗ ಒಂದು ರಕ್ತಪರೀಕ್ಷೆ ಸಾಕು. ಬದಲಾವಣೆ ಇರುವ ತಂದೆ ಅಥವಾ ತಾಯಿಯ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಬಂದಿಲ್ಲದಿರುವ ಸಾಧ್ಯತೆ ಅರ್ಧ. ಬಂದಿಲ್ಲ ಎಂದಾದರೆ ಆ ಅಕ್ಷರ ಅವರ ಮಕ್ಕಳಿಗೆ ಅವರಿಂದ ದಾಟುವುದೂ ಇಲ್ಲ. ಬಂದವರಿಗೆ ದಾರಿಗಳಿವೆ. 20–25ರ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ಕರುಳಿನ ತಪಾಸಣೆ) ಮಾಡಿಸಿದರೆ, ಪಾಲಿಪ್ ಕ್ಯಾನ್ಸರ್ ಆಗುವ ಮುಂಚೆ ತೆಗೆಯಬಹುದು. ಫಿನ್ಲೆಂಡಿನಲ್ಲಿ 15 ವರ್ಷ ನಡೆದ ಅಧ್ಯಯನದಲ್ಲಿ ಮೂರು ವರ್ಷಕ್ಕೊಮ್ಮೆ ಮಾಡಿದ ತಪಾಸಣೆಯೇ ಕರುಳಿನ ಕ್ಯಾನ್ಸರನ್ನು 62% ಇಳಿಸಿತು. ಮಕ್ಕಳಾದ ಮೇಲೆ ಗರ್ಭಕೋಶ, ಅಂಡಾಶಯ ತೆಗೆಸಿಕೊಳ್ಳುವುದನ್ನು ಕೆಲವರು ಆಯ್ದುಕೊಳ್ಳುತ್ತಾರೆ. ಜಾನ್ ಬರ್ನ್ ನೇತೃತ್ವದ ಪ್ರಯೋಗದಲ್ಲಿ ದಿನಾ ಆಸ್ಪಿರಿನ್ ತೆಗೆದುಕೊಂಡವರಲ್ಲಿ ವರ್ಷಗಳ ನಂತರ ಕರುಳಿನ ಕ್ಯಾನ್ಸರ್ ಕಡಿಮೆಯಾದದ್ದು ಕಂಡಿದೆ. ಇದನ್ನು ಡಾಕ್ಟರನ್ನು ಕೇಳದೆ ಶುರುಮಾಡಬಾರದು. ಇನ್ನು, ತಪ್ಪು ತಿದ್ದದ ಗಡ್ಡೆಯಲ್ಲಿ ಬದಲಾದ ಪ್ರೋಟೀನು ಬಹಳ ಇರುವುದರಿಂದ ನಮ್ಮ ರೋಗನಿರೋಧಕ ಕೋಶಗಳಿಗೆ ಅದನ್ನು ಗುರುತಿಸುವುದು ಸುಲಭ. ಅವುಗಳ ಕಟ್ಟು ಬಿಚ್ಚುವ ಇಮ್ಯೂನೊಥೆರಪಿ ಔಷಧಿಗಳು ಇಂಥ ಗಡ್ಡೆಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ. 2017ರಲ್ಲಿ ಅಮೆರಿಕದಲ್ಲಿ ಇಂಥ ಔಷಧಿಯಾದ ಪೆಂಬ್ರೊಲಿಜುಮ್ಯಾಬ್‌ಗೆ ಒಪ್ಪಿಗೆ ಸಿಕ್ಕಿದ್ದು ಗಡ್ಡೆ ಯಾವ ಅಂಗದಲ್ಲಿದೆ ಎಂದು ನೋಡಿ ಅಲ್ಲ, ಈ ದೋಷ ಇದೆಯೇ ಎಂದು ನೋಡಿ.

ಪರೀಕ್ಷೆ ಬೇಡ, ನನಗೆ ಗೊತ್ತಾಗುವುದೇ ಬೇಡ ಎನ್ನುವವರೂ ಇಂಥ ಕುಟುಂಬಗಳಲ್ಲಿ ಇದ್ದಾರೆ. ಅವರನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಜೀನ್ ನೋಡಿ ಆರೋಗ್ಯ ವಿಮೆ, ಕೆಲಸ ನಿರಾಕರಿಸಬಾರದು ಎಂದು ಅಮೆರಿಕ 2008ರಲ್ಲಿ ಕಾನೂನು ಮಾಡಿದೆ. ಜೀವ ವಿಮೆ ಅದರಲ್ಲಿ ಸೇರಿಲ್ಲ.

ಲಿಂಚ್ ಸಿಂಡ್ರೋಮ್ ಅಪರೂಪದ್ದಲ್ಲ. ಒಂದು ಅಂದಾಜಿನಂತೆ ಸುಮಾರು 280 ಜನರಲ್ಲಿ ಒಬ್ಬರಲ್ಲಿ ಈ ಜೀನುಗಳಲ್ಲೊಂದು ಕೆಟ್ಟಿರುತ್ತದೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖವೂ ಇದೆ. ಸೋದರಮಾವ, ಅತ್ತೆ ಮಗ, ಮಾವನ ಮಗಳು ಎಂದು ರಕ್ತಸಂಬಂಧದಲ್ಲೇ ಮದುವೆ ಮಾಡುವುದು ಕರ್ನಾಟಕದಲ್ಲಿ ಇವತ್ತಿಗೂ ಸಾಮಾನ್ಯ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಅಜ್ಜನಿಂದ ಅದೇ ಕೆಟ್ಟ ಪ್ರತಿ ಬಂದಿದ್ದರೆ, ಮಗುವಿಗೆ ಎರಡೂ ಪ್ರತಿ ಕೆಟ್ಟದ್ದೇ ಸಿಗಬಹುದು. ಆಗ ರೋಗ 40ರವರೆಗೆ ಕಾಯುವುದಿಲ್ಲ. ಮಕ್ಕಳಿರುವಾಗಲೇ ಮಿದುಳಿನ ಗಡ್ಡೆ, ರಕ್ತದ ಕ್ಯಾನ್ಸರ್, ಕರುಳಿನ ಕ್ಯಾನ್ಸರ್ ಬರುತ್ತದೆ. ಮೈಮೇಲೆ ಹಾಲು ಬೆರೆತ ಕಾಫಿ ಬಣ್ಣದ ಮಚ್ಚೆಗಳು ಇರಬಹುದು. ಅವನ್ನು ನೋಡಿ ನ್ಯೂರೋಫೈಬ್ರೊಮಾಟೋಸಿಸ್ ಎಂಬ ಇನ್ನೊಂದು ವಂಶವಾಹಿ ರೋಗ ಎಂದುಕೊಳ್ಳುವ ಸಾಧ್ಯತೆಯೂ ಇದೆ. ಎಷ್ಟೋ ಸಲ ಅಪ್ಪ ಅಮ್ಮನಿಗೆ ಇನ್ನೂ ಯಾವ ಕ್ಯಾನ್ಸರೂ ಬಂದಿರುವುದಿಲ್ಲ. ಆಗ ಮನೆತನದಲ್ಲಿ ಜೀನ್ ಇದೆ ಎಂದು ಮೊದಲು ತೋರಿಸುವುದು ಮಗುವೇ ಆಗಿರುತ್ತದೆ.

ಇನ್ನೊಂದು ತೊಂದರೆ ವರದಿಯಲ್ಲಿ ಬರುತ್ತದೆ. ಜೀನ್ ಪರೀಕ್ಷೆ ಮಾಡಿಸಿದರೆ ‘ಅರ್ಥ ಸ್ಪಷ್ಟವಿಲ್ಲದ ಬದಲಾವಣೆ’ ಎಂದು ಬರಬಹುದು. ಜಗತ್ತಿನ ಜೀನ್ ದಾಖಲೆಗಳಲ್ಲಿ ಜಾಸ್ತಿ ಇರುವುದು ಯುರೋಪ್ ಮೂಲದ ಜನ. ನಮ್ಮವರು ಕಡಿಮೆ. ಹಾಗಾಗಿ ನಮ್ಮಲ್ಲಿ ಕಂಡ ಬದಲಾವಣೆ ನಿರುಪದ್ರವಿಯೋ, ರೋಗ ತರುವಂಥದ್ದೋ ಎಂದು ಹೇಳಲು ಹೋಲಿಕೆ ಸಿಗುವುದಿಲ್ಲ. ಇದನ್ನು ಬಿಡಿಸುವ ಒಂದು ದಾರಿ ಮತ್ತೆ ಆ ಚೌಕ, ವೃತ್ತಗಳೇ. ಕ್ಯಾನ್ಸರ್ ಬಂದ ದೊಡ್ಡಮ್ಮನಲ್ಲಿ ಅದೇ ಬದಲಾವಣೆ ಇದೆಯೇ? 70 ದಾಟಿಯೂ ಗಟ್ಟಿಮುಟ್ಟಾಗಿರುವ ಚಿಕ್ಕಪ್ಪನಲ್ಲಿ ಇದೆಯೇ? ಒಬ್ಬರ ರಕ್ತ ಉತ್ತರ ಕೊಡದಿದ್ದಾಗ ಮನೆಯವರೆಲ್ಲರ ರಕ್ತ ಕೊಡುತ್ತದೆ.

ಹಾಗಾಗಿ ಮನೆಯಲ್ಲಿ 50ರ ಒಳಗೆ ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಂದಿದ್ದರೆ, ಅಥವಾ ಎರಡು ತಲೆಮಾರಿನಲ್ಲಿ ಬಂದಿದ್ದರೆ, ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಯಾರು, ಯಾವ ಅಂಗ, ಎಷ್ಟನೇ ವಯಸ್ಸು, ಯಾವ ಆಸ್ಪತ್ರೆ. ಆಪರೇಷನ್ ಆಗಿದ್ದರೆ ಗಡ್ಡೆಯ ತುಂಡನ್ನು ಮೇಣದ ಬ್ಲಾಕ್‌ನಲ್ಲಿ ಇಟ್ಟಿರುತ್ತಾರೆ. ಅದರ ಮೇಲೆ ತಪ್ಪು ತಿದ್ದುವ ನಾಲ್ಕು ಪ್ರೋಟೀನುಗಳು ಇವೆಯೇ ಎಂದು ನೋಡುವ ಎಂಎಂಆರ್ ಪರೀಕ್ಷೆ ಆಗಿದೆಯೇ ಎಂದು ಡಾಕ್ಟರನ್ನು ಕೇಳಿ. ಆಗಿಲ್ಲದಿದ್ದರೆ ಹಳೆಯ ಬ್ಲಾಕ್ ಮೇಲೂ ಮಾಡಬಹುದು, ರೋಗಿ ಬದುಕಿಲ್ಲದಿದ್ದರೂ ಮಾಡಬಹುದು. ಬ್ಲಾಕ್ ಎಷ್ಟು ವರ್ಷ ಇಡುತ್ತಾರೆ ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಆದ್ದರಿಂದ ವಿಚಾರಿಸುವುದನ್ನು ಮುಂದೂಡಬೇಡಿ.